ಬೆಳೆ ಮನೆಗೆ ಬಂದ ಮೇಲೆ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳನ್ನು ಒಳಗೊಂಡ ಶರದೃತುವನ್ನು ಕಾವ್ಯಗಳು ತಿಳಿಯಾದ ಆಕಾಶದ ಕಾಲವೆಂದು ವರ್ಣಿಸಿದರೂ, ಕಪಿಲಾ ಅಥವಾ ಕಬಿನಿ ನದಿಯ ಬಯಲಿನಲ್ಲಿ, ಅಂದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ, ಅದು ಬೆಳಗಿನ ಬಿಸಿಲನ್ನು ನಂಬಿ ಅಂಗಳದಲ್ಲಿ ಹರವಿದ ಕಾಳನ್ನು ಮಧ್ಯಾಹ್ನದ ಮೋಡಕ್ಕೆ ಹೆದರಿ ಬಾಚಿಕೊಳ್ಳಬೇಕಾದ ಕಾಲ. ಮೈಸೂರು ಸೀಮೆಯಲ್ಲಿ ಮಳೆ ವರ್ಷಕ್ಕೆ ಎರಡು ಬಾರಿ ಬಿರುಸಾಗುತ್ತದೆ. ಮೊದಲನೆಯದು ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ, ಎರಡನೆಯದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ರೈತರು ಈ ಎರಡನೆಯ ಮಳೆಯನ್ನು ತಿಂಗಳುಗಳಿಂದಲ್ಲ, ನಕ್ಷತ್ರಗಳಿಂದ ಎಣಿಸುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13–14 ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರನ್ನೇ ಕೊಡುವ ಈ ಲೆಕ್ಕದಲ್ಲಿ, ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂಬ ನಾಲ್ಕು ಮಳೆಗಳು ಬಂದು ಹೋಗುತ್ತವೆ. ಹೊಲದಲ್ಲಿ ನಿಂತ ರಾಗಿಗೂ ಗದ್ದೆಯ ಭತ್ತಕ್ಕೂ ಈ ಮಳೆ ಬೇಕೇ ಬೇಕು. ಮನೆಗೆ ಬಂದಿರುವ ಮೊದಲ ಬೆಳೆಗೆ ಅದೇ ಮಳೆ ಶತ್ರು. ಈ ಇಕ್ಕಟ್ಟಿನ ನಡುವೆ ಕಾಳನ್ನು ಒಣಗಿಸಿ, ಆರಿಸಿ, ಕೆಡದಂತೆ ಎತ್ತಿಡುವ ಹೊಣೆ ಮನೆಯ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ.

ನಂಜನಗೂಡಿಗೆ ಹತ್ತಿರದ ಕಳಲೆ ಎಂಬ ಊರು ಮೈಸೂರಿನ ಇತಿಹಾಸದಲ್ಲಿ ದಳವಾಯಿಗಳ, ಅಂದರೆ ಸೇನಾಧಿಪತಿಗಳ ಮನೆತನದ ಊರೆಂದು ಹೆಸರಾಗಿದೆ. ಲಕ್ಷ್ಮೀಕಾಂತಸ್ವಾಮಿ ದೇವಾಲಯವಿರುವ ಈ ಊರಿನ ಮನೆತನದಿಂದ ಬಂದ ದೇವರಾಜಯ್ಯ ಮತ್ತು ಕರಾಚೂರಿ ನಂಜರಾಜಯ್ಯ ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದರು. ಅವರ ದಂಡಯಾತ್ರೆಗಳ ವಿವರ ಇತಿಹಾಸದ ಪುಸ್ತಕಗಳಲ್ಲಿ ಸಾಕಷ್ಟು ದೊರೆಯುತ್ತದೆ. ದಂಡಿಗೂ ಊರಿಗೂ ಅನ್ನವಾದ ದವಸವನ್ನು ವರ್ಷವಿಡೀ ಹುಳು ಹಿಡಿಯದಂತೆ ಕಾಯ್ದವರ ವಿವರ ದೊರೆಯುವುದಿಲ್ಲ. ಬೇಸಾಯವೆಂದರೆ ಉಳುವುದು, ಬಿತ್ತುವುದು, ಕೊಯ್ಯುವುದು ಎಂದು ಎಣಿಸಿ ಅಲ್ಲಿಗೇ ನಿಲ್ಲಿಸುವ ರೂಢಿ ಇಂದಿಗೂ ಬಲವಾಗಿದೆ. ಆದರೆ ಕೊಯ್ದ ಫಸಲು ಊಟವಾಗುವವರೆಗೆ, ಅಥವಾ ಮುಂದಿನ ವರ್ಷದ ಬೀಜವಾಗುವವರೆಗೆ, ನಡೆಯುವ ಕೆಲಸವೂ ಬೇಸಾಯದ ಉಳಿದರ್ಧವೇ ಆಗಿದ್ದು, ಅದು ಹೊಲದಲ್ಲಿ ನಡೆಯದೆ ಅಂಗಳ, ಅಟ್ಟ, ಹಿತ್ತಲು, ಅಡುಗೆಮನೆಗಳಲ್ಲಿ ನಡೆಯುವುದರಿಂದ ಮನೆಗೆಲಸವೆಂಬ ಹೆಸರು ಪಡೆದಿದೆ.

ಮುಂಗಾರು ಪೂರ್ವದ ಮಳೆಗೆ ಬಿತ್ತಿದ ಹೆಸರು, ಅಲಸಂದೆ, ಎಳ್ಳು ಮೊದಲಾದವು ಶರದೃತು ಕಾಲಿಡುವ ಹೊತ್ತಿಗೆ ಮನೆ ಸೇರಿರುತ್ತವೆ ಮತ್ತು ಕಡಲೆಕಾಯಿ ಕೀಳುವ ಕೆಲಸ ನಡೆದಿರುತ್ತದೆ. ಹೊಲದಿಂದ ಬಂದ ಕಾಳಿನಲ್ಲಿ ಕಣ್ಣಿಗೆ ಕಾಣದ ನೀರಿನಂಶ ಬಹಳವಿರುತ್ತದೆ. ಏಕದಳ ಧಾನ್ಯಗಳಲ್ಲಿ ಆ ಅಂಶ ನೂರಕ್ಕೆ ಸುಮಾರು 12ಕ್ಕೆ ಇಳಿದರೆ, ಬೇಳೆಕಾಳುಗಳಲ್ಲಿ ಅದಕ್ಕಿಂತಲೂ ಕೆಳಗೆ ಇಳಿದರೆ, ಬೂಷ್ಟಿನ ಭಯ ಬಹುಮಟ್ಟಿಗೆ ತಪ್ಪುತ್ತದೆ ಎಂದು ಆಹಾರ ವಿಜ್ಞಾನ ಹೇಳುತ್ತದೆ. ಇದನ್ನು ಅಳೆಯುವ ಯಂತ್ರವಿಲ್ಲದ ಮನೆಗಳಲ್ಲಿ ಹಲ್ಲು, ಕಿವಿ ಮತ್ತು ಅಂಗೈಗಳೇ ಅಳತೆಗೋಲುಗಳಾಗಿವೆ. ಕಾಳನ್ನು ಹಲ್ಲಿಗೆ ಕೊಟ್ಟಾಗ ಅದು ನಜ್ಜಾಗದೆ ಟಕ್ಕನೆ ಒಡೆಯಬೇಕು; ಕಡಲೆಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಸದ್ದು ಮಾಡಬೇಕು; ರಾಶಿಯೊಳಗೆ ಕೈ ಇಳಿಸಿದರೆ ತಂಪಾಗಲಿ ಬಿಸುಪಾಗಲಿ ತಾಗಬಾರದು. ಕಡಲೆಕಾಯಿಯ ವಿಷಯದಲ್ಲಿ ಈ ಪರೀಕ್ಷೆ ಕೇವಲ ರುಚಿಯ ಪ್ರಶ್ನೆಯಲ್ಲ. ಸರಿಯಾಗಿ ಒಣಗದ ಬೀಜದ ಮೇಲೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಯಕೃತ್ತಿಗೆ ತೀವ್ರ ಹಾನಿ ಮಾಡುವ ಈ ವಿಷ ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ. ಕಪ್ಪಾದ, ಮುದುಡಿದ, ಕಹಿಯಾದ ಬೀಜಗಳನ್ನು ಒಂದೊಂದಾಗಿ ಆರಿಸಿ ಎಸೆಯುತ್ತಾ ಜಗಲಿಯ ಮೇಲೆ ಮಧ್ಯಾಹ್ನ ಕಳೆಯುವ ಅಜ್ಜಿಯರಿಗೆ ಆ ವಿಷದ ಹೆಸರು ತಿಳಿಯದಿರಬಹುದು, ಆದರೆ ಮನೆಮಂದಿಯ ಆರೋಗ್ಯವನ್ನು ಕಾಯುವ ಮೊದಲ ತಪಾಸಣೆ ನಡೆಯುವುದು ಅವರ ಮೊರದಲ್ಲಿಯೇ.

ಒಣಗಿದ ಕಾಳಿಗೆ ಮುಂದಿನ ಅಪಾಯ ಹುಳುವಿನದು. ಹೆಸರು, ಅಲಸಂದೆ, ಅವರೆ, ತೊಗರಿಗಳನ್ನು ಕೊರೆಯುವ ಪುಟ್ಟ ಕಂದು ಜೀರುಂಡೆ ಬಹುಪಾಲು ಸಲ ಮನೆಯಲ್ಲಿ ಹುಟ್ಟದೆ, ಹೊಲದಲ್ಲಿ ಮಾಗುತ್ತಿರುವ ಕಾಯಿಯ ಮೇಲೆ ಮೊಟ್ಟೆಯಿಟ್ಟು, ಫಸಲಿನ ಜೊತೆಗೇ ಒಳಗೆ ಬರುತ್ತದೆ. ಮೊಟ್ಟೆಯೊಡೆದ ಮರಿ ಕಾಳಿನೊಳಗೆ ಇಳಿದು, ಅಲ್ಲಿಯೇ ತಿಂದು ಬೆಳೆದು, ಸುಮಾರು ಒಂದು ತಿಂಗಳಲ್ಲಿ ದುಂಡನೆಯ ತೂತು ಮಾಡಿಕೊಂಡು ಹೊರಬಂದು, ಪಕ್ಕದ ಕಾಳುಗಳ ಮೇಲೆ ಮತ್ತೆ ಮೊಟ್ಟೆಯಿಡುತ್ತದೆ. ಹೀಗೆ ಎರಡು ಸುತ್ತು ನಡೆದರೆ ಮೂಟೆಯ ಕಾಳು ಅಡುಗೆಗೂ ಬಿತ್ತನೆಗೂ ಬಾರದೆ ಹೋಗುತ್ತದೆ. ಇದನ್ನು ತಡೆಯಲು ಈ ಸೀಮೆಯಲ್ಲಿ ಬಳಕೆಯಲ್ಲಿದ್ದ ಉಪಾಯಗಳು ಹಲವು: ಕಾಳಿಗೆ ಹರಳೆಣ್ಣೆ ಸವರುವುದು, ಜರಡಿ ಹಿಡಿದ ಒಲೆಯ ಬೂದಿಯನ್ನು ಬೆರೆಸುವುದು, ಕೆಮ್ಮಣ್ಣಿನ ತೆಳು ಲೇಪ ಕೊಟ್ಟು ಒಣಗಿಸುವುದು, ನಡುನಡುವೆ ಬೇವಿನ ಅಥವಾ ಹೊಂಗೆಯ ಒಣಸೊಪ್ಪು ಹಾಕುವುದು. ಎಣ್ಣೆಯ ಪೊರೆ ಮೊಟ್ಟೆಗೆ ಗಾಳಿ ದೊರೆಯದಂತೆ ಮಾಡುತ್ತದೆ. ಬೂದಿ ಮತ್ತು ಮಣ್ಣಿನ ನುಣ್ಣನೆಯ ಕಣಗಳು ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆಯುವುದರಿಂದ ಅದರ ದೇಹದ ನೀರು ಆರಿ ಅದು ಸಾಯುತ್ತದೆ, ಮಾತ್ರವಲ್ಲದೆ ಕಾಳುಗಳ ನಡುವಿನ ಸಂದುಗಳು ತುಂಬಿಹೋಗಿ ಅದಕ್ಕೆ ಓಡಾಡಲು ದಾರಿಯೇ ಇಲ್ಲದಂತಾಗುತ್ತದೆ. ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ 1950ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ದವಸವನ್ನು ಕೀಟಗಳಿಂದ ಕಾಯುವ ವಿಧಾನಗಳಿಗೆಂದೇ ಒಂದು ವಿಭಾಗವನ್ನು ನಡೆಸಿಕೊಂಡು ಬಂದಿದೆ ಎಂಬುದು ಈ ಸಮಸ್ಯೆ ಎಷ್ಟು ದೊಡ್ಡದೆಂಬುದನ್ನು ತಿಳಿಸುತ್ತದೆ. ಇದೇ ಅಲಸಂದೆ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಡ ರೈತರಿಗೂ ಮುಖ್ಯ ಆಹಾರವಾಗಿದ್ದು, ಇದೇ ಜಾತಿಯ ಹುಳು ಅಲ್ಲಿಯೂ ಕಾಡುವುದರಿಂದ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಕ್ಯಾಮರೂನ್ ದೇಶದಲ್ಲಿ ಕೆಲಸಮಾಡಿ, ಗಾಳಿ ಆಡದ ಮೂರು ಪದರಗಳ ಚೀಲವನ್ನು ರೂಪಿಸಿದರು. ಚೀಲದ ಬಾಯಿ ಬಿಗಿದ ಮೇಲೆ ಒಳಗಿನ ಆಮ್ಲಜನಕವನ್ನು ಹುಳುಗಳೇ ಬಳಸಿ ಮುಗಿಸಿ ನಾಶವಾಗುತ್ತವೆ. ಕಪಿಲೆಯ ಬಯಲಿನ ಹಳಬರಿಗೆ ಈ ತತ್ತ್ವ ಹೊಸದಲ್ಲ ಎಂಬುದನ್ನು ಮುಂದೆ ಹಗೇವಿನ ಪ್ರಸ್ತಾಪ ಬಂದಾಗ ನೋಡಬಹುದು.

ಅಂಗಳದ ಕೆಲಸ ಬಿಸಿಲನ್ನು ಅವಲಂಬಿಸಿದ್ದರೆ ಹಿತ್ತಲಿನದು ಬಳ್ಳಿಗಳ ವಯಸ್ಸನ್ನು ಅವಲಂಬಿಸಿದೆ. ಮುಂಗಾರಿನಲ್ಲಿ ಊರಿದ ಸೋರೆ, ಹೀರೆ, ಪಡವಲ, ಹಾಗಲ, ಸಿಹಿಗುಂಬಳ, ಬೂದುಗುಂಬಳಗಳು ಈ ಹೊತ್ತಿಗೆ ಚಪ್ಪರವನ್ನೂ ಹಂಚಿನ ಮಾಡನ್ನೂ ಹಬ್ಬಿ ಕೊನೆಯ ಸುತ್ತಿನ ಕಾಯಿ ಕೊಡುತ್ತವೆ. ಬಚ್ಚಲ ನೀರು ಹರಿಯುವ ಕಡೆ ಬಾಳೆಯೂ ಕೆಸುವೂ ಇರುತ್ತವೆ. ಪಾತಿಯ ಬದನೆಯೂ, ತೇವವಿರುವ ಕಡೆ ವೀಳ್ಯದೆಲೆಯ ಒಂದೆರಡು ಬಳ್ಳಿಯೂ ಹಲವು ಮನೆಗಳಲ್ಲಿದ್ದವು. ಹಿಂದೆ ಹಿತ್ತಲಿನ ಬಾಳೆಯೆಂದರೆ ರಸಬಾಳೆಗೂ ಸ್ಥಾನವಿತ್ತು. ತೆಳುಸಿಪ್ಪೆಯ, ಪರಿಮಳದ ಈ ನಂಜನಗೂಡು ರಸಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದ್ದರೂ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರವೊಂದು ತರುವ ಪನಾಮಾ ಸೊರಗು ರೋಗದಿಂದ ಅದರ ತೋಟಗಳು ಬಹಳವಾಗಿ ಕುಗ್ಗಿಹೋದದ್ದು ಈ ಸೀಮೆಯ ದೊಡ್ಡ ನಷ್ಟಗಳಲ್ಲಿ ಒಂದು.

ಕುಂಬಳಕಾಯಿಯನ್ನು ಕೊಯ್ಯುವುದರಲ್ಲಿಯೂ ಕ್ರಮವಿದೆ. ತೊಟ್ಟು ಒಣಗಿ ಗಟ್ಟಿಯಾದ ಮೇಲೆ, ಆ ತೊಟ್ಟಿನ ಒಂದು ತುಂಡು ಕಾಯಿಗೇ ಉಳಿಯುವಂತೆ ಕತ್ತರಿಸಬೇಕು. ತೊಟ್ಟು ಬುಡದಿಂದ ಕಿತ್ತುಬಂದರೆ ಆ ಗಾಯದಿಂದಲೇ ಕೊಳೆ ಒಳಗಿಳಿಯುತ್ತದೆ. ಬೂದುಗುಂಬಳದ ಮೈಮೇಲಿನ ಬಿಳಿಯ ಬೂದಿ ವಾಸ್ತವವಾಗಿ ಮೇಣವಾಗಿದ್ದು, ಅದು ಒಳಗಿನ ನೀರು ಆರದಂತೆಯೂ ಹೊರಗಿನ ಸೂಕ್ಷ್ಮಜೀವಿ ಒಳಸೇರದಂತೆಯೂ ತಡೆಯುವುದರಿಂದ, ಅದನ್ನು ಉಜ್ಜಿ ಒರೆಸದೆ, ಹಗ್ಗದ ನೆಲುವಿನಲ್ಲಿ ಜಂತೆಗೆ ತೂಗುಹಾಕಿದರೆ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಆಯುಧಪೂಜೆಗೆ ಬೇಕಾದದ್ದು ಹೋಗಿ ಉಳಿದ ಕಾಯಿಗಳು ಬೇಸಿಗೆಯ ಸಂಡಿಗೆಯವರೆಗೂ ಕಾದಿರುತ್ತವೆ.

ಬಳ್ಳಿಯ ಮೇಲೆ ಮೊದಲು ಬಿಟ್ಟ, ಚೆನ್ನಾಗಿ ಬೆಳೆದ ಒಂದೆರಡು ಕಾಯಿಗಳನ್ನು ಯಾರೂ ಮುಟ್ಟದಂತೆ ಬೀಜಕ್ಕೆಂದು ಬಿಡುವ ಪದ್ಧತಿಯೂ ಇದೇ ಋತುವಿನಲ್ಲಿ ಫಲಕ್ಕೆ ಬರುತ್ತದೆ. ಹೀರೆ ಬಳ್ಳಿಯಲ್ಲಿಯೇ ಒಣಗಿ ನಾರಾಗುತ್ತದೆ, ಬೀಜ ತೆಗೆದುಕೊಂಡ ಮೇಲೆ ಆ ನಾರು ಮೈಯುಜ್ಜಲು ಬಚ್ಚಲು ಸೇರುತ್ತದೆ. ಒಣಗಿದ ಸೋರೆಯ ಬುರುಡೆ ಬೀಜ ತುಂಬಿಡುವ ಪಾತ್ರೆಯಾಗುತ್ತದೆ. ಕುಂಬಳ, ಸೌತೆ ಜಾತಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯ ಮುದ್ದೆಯಲ್ಲಿ ಒತ್ತಿ ಗೋಡೆಗೆ ತಟ್ಟುತ್ತಾರೆ. ಒಣಗಿದ ಸಗಣಿ ಹುಳುವನ್ನು ದೂರವಿಡುವುದಲ್ಲದೆ, ಬಿತ್ತುವಾಗ ಅದನ್ನು ಹಾಗೆಯೇ ಮುರಿದು ಊರಿದರೆ ಮೊಳಕೆಗೆ ಮೊದಲ ಗೊಬ್ಬರವೂ ಆಗುತ್ತದೆ. ಈ ಬೀಜಗಳು ಅಂಗಡಿಯ ಮುಖ ಕಾಣದೆ ತವರಿನಿಂದ ಗಂಡನ ಮನೆಗೆ, ನೆರೆಮನೆಯಿಂದ ನೆರೆಮನೆಗೆ ನಡೆದುಬಂದವು. ಅವುಗಳ ಉಳಿವಿಗೆ ಹಬ್ಬವೂ ನೆರವಾಯಿತು. ಭಾದ್ರಪದದ ಕೊನೆಯ ಮಹಾಲಯ ಅಮಾವಾಸ್ಯೆಯ ಸುಮಾರಿನಲ್ಲಿ ಹಿರಿಯರಿಗೆ ಎಡೆಯಿಡುವ ಹಬ್ಬ ಈ ಸೀಮೆಯ ಬಹುತೇಕ ಸಮುದಾಯಗಳಲ್ಲಿದ್ದು, ಕೆಲವರಲ್ಲಿ ಮಾಂಸದಡುಗೆಯೊಡನೆ, ಕೆಲವರಲ್ಲಿ ಶ್ರಾದ್ಧದ ನಿಯಮಗಳೊಡನೆ ನಡೆಯುತ್ತದೆ. ಶ್ರಾದ್ಧದ ಅಡುಗೆಗೆ ಹೊರನಾಡಿನಿಂದ ಬಂದ ಟೊಮ್ಯಾಟೊ, ಆಲೂಗಡ್ಡೆ, ಕೋಸುಗಳು ಒಗ್ಗುವುದಿಲ್ಲವೆಂಬ ಕಟ್ಟಳೆಯಿಂದಾಗಿ ಬಾಳೆಕಾಯಿ, ಪಡವಲ, ಹಾಗಲ, ಕುಂಬಳಗಳನ್ನು ವರ್ಷಕ್ಕೊಮ್ಮೆಯಾದರೂ ಹುಡುಕಲೇಬೇಕಾಯಿತು. ಕಟ್ಟಳೆಯ ಉದ್ದೇಶ ಬೀಜರಕ್ಷಣೆಯಲ್ಲದಿದ್ದರೂ ಅದರ ಫಲಗಳಲ್ಲಿ ಬೀಜರಕ್ಷಣೆಯೂ ಒಂದೆಂದು ಹೇಳಬಹುದು.

ಬಿತ್ತದೆಯೇ ಬರುವ ಫಸಲನ್ನೂ ಇಲ್ಲಿ ಮರೆಯಲಾಗದು. ಮಳೆ ಬಿದ್ದ ಹೊಲದಲ್ಲಿ ಕಳೆಯಾಗಿ ಹುಟ್ಟುವ ಅಣ್ಣೆ, ಗೋಣಿ, ಕಿರುಕಸಾಲೆ, ಹೊನಗೊನೆ ಮೊದಲಾದ ಎಲೆಗಳನ್ನು ಕಳೆ ಕೀಳುವ ಹೆಣ್ಣುಮಕ್ಕಳು ಮಡಿಲಿಗೆ ಹಾಕಿಕೊಂಡು ಬಂದು ಬೆರಕೆ ಸೊಪ್ಪು ಮಾಡುತ್ತಾರೆ. ಸೊಪ್ಪನ್ನೂ ಹೊಸ ಅಲಸಂದೆ ಕಾಳನ್ನೂ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಅದಕ್ಕೆ ಖಾರ ಅರೆದು ಹಾಕಿದರೆ ಬಸ್ಸಾರು, ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೆಂಕಿಯಲ್ಲಿ ಎರಡು ವ್ಯಂಜನ ಆಗುವ, ಬೆಂದ ನೀರಿನ ಸತ್ತ್ವ ಚರಂಡಿಗೆ ಹೋಗದ ಈ ಅಡುಗೆಯನ್ನು ಕಂಡುಕೊಂಡವರ ಮಿತವ್ಯಯದ ಬುದ್ಧಿ ನಿಜಕ್ಕೂ ದೊಡ್ಡದು.

ನವರಾತ್ರಿಗೆ ಮುನ್ನ ಮನೆಯನ್ನು ತೊಳೆದು ಸಾರಿಸಿ ಸುಣ್ಣ ಬಳಿಯುವ ಕೆಲಸವನ್ನು ಹಬ್ಬದ ಸಡಗರವೆಂದಷ್ಟೇ ತಿಳಿಯುವುದುಂಟು. ಅದಕ್ಕೆ ದವಸದ ದೃಷ್ಟಿಯಿಂದಲೂ ಕಾರಣವಿದೆ. ಮೂರು ತಿಂಗಳ ಮಳೆಯಲ್ಲಿ ಮಣ್ಣಿನ ಗೋಡೆ ತೇವ ಹೀರಿರುತ್ತದೆ, ಅಟ್ಟದಲ್ಲಿ ಹಳೆಯ ದವಸದ ಪುಡಿ, ಇಲಿಯ ಹಿಕ್ಕೆ, ಹುಳುವಿನ ಗೂಡು ಸೇರಿರುತ್ತವೆ. ಹೊಸ ಫಸಲು ಬರುವ ಮುನ್ನ ಇವು ಹೋಗದಿದ್ದರೆ ಹಳೆಯ ಹುಳುವಿಗೆ ಹೊಸ ಆಹಾರ ಒದಗಿಸಿದಂತಾಗುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಬಳಿದಾಗ ಅದರ ತೀಕ್ಷ್ಣ ಕ್ಷಾರಗುಣ ಗೋಡೆಯ ಬೂಷ್ಟನ್ನು ಕೊಲ್ಲುತ್ತದೆ, ಬಳಿಕ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನ ಗುಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಕಡುಬೇಸಿಗೆಯಲ್ಲಿ ಬೇಗನೆ ಒಣಗಿದ ಸುಣ್ಣ ಪುಡಿಯಾಗಿ ಉದುರುವುದರಿಂದ, ಬಿಸಿಲೂ ಇದ್ದು ಗಾಳಿಯಲ್ಲಿ ತೇವವೂ ಇರುವ ಈ ದಿನಗಳು ಆ ಕೆಲಸಕ್ಕೆ ಹೇಳಿ ಮಾಡಿಸಿದವು. ಗೋಡೆಯ ಕೆಳಗಿನ ಪಟ್ಟಿಗೆ ಕೆಮ್ಮಣ್ಣು, ನೆಲಕ್ಕೆ ಸಗಣಿ, ಹಾಸಿಗೆ ಕಂಬಳಿಗಳಿಗೆ ಬಿಸಿಲು. ಮೈಸೂರಿನ ಪ್ರಭಾವವಿರುವ ಮನೆಗಳಲ್ಲಿ ಇದರ ಬೆನ್ನಿಗೇ ಪೆಟ್ಟಿಗೆಯಿಂದ ಪಟ್ಟದ ಗೊಂಬೆಗಳು ಹೊರಬಂದು ಮೆಟ್ಟಿಲೇರುತ್ತವೆ.

ಆಯುಧಪೂಜೆಯೂ ಹೀಗೆಯೇ ಎರಡು ಮುಖದ್ದು. ನೇಗಿಲು, ಕುಂಟೆ, ಕೂರಿಗೆ, ಕುಡುಗೋಲುಗಳ ಜೊತೆಗೆ ಒರಳು, ಒನಕೆ, ಬೀಸುವ ಕಲ್ಲು, ಮೊರಗಳನ್ನು ತೊಳೆದು ಸಾಲಾಗಿ ಇಟ್ಟಾಗ ಯಾವುದರ ಹಿಡಿ ಸಡಿಲವಾಗಿದೆ, ಯಾವುದರ ಬಾಯಿ ಮೊಂಡಾಗಿದೆ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ, ಮತ್ತು ದೊಡ್ಡ ಕೊಯ್ಲಿಗೆ ಇನ್ನೂ ಕೆಲವು ವಾರಗಳಿರುವಾಗಲೇ ಅವು ಕುಲುಮೆಗೂ ಬಡಗಿಯ ಮನೆಗೂ ಹೋಗಿ ಬರುತ್ತವೆ. ಮೇದರು ಹೆಣೆದ ಬಿದಿರಿನ ಮೊರಕ್ಕೆ, ನೆನೆಸಿ ಅರೆದ ಮೆಂತ್ಯ ಮತ್ತು ಹಳೆಯ ಕಾಗದದ ಮುದ್ದೆಯನ್ನು ಬಳಿದು ಸಂದುಗಳನ್ನು ಮುಚ್ಚುವ ಕೆಲಸವೂ ಈ ನಡುವಿನದು. ಎಳ್ಳು, ರಾಗಿಯಂಥ ಸಣ್ಣ ಕಾಳು ಸೋರದಿರಲು ಅದು ಬೇಕು. ದೀಪಾವಳಿಯ ಮುನ್ನಾದಿನದ ನೀರು ತುಂಬುವ ಹಬ್ಬದಲ್ಲಿ ಬಚ್ಚಲ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಹುಣಸೆಯ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ ಎಂಬುದು ಶಾಲೆಯ ರಸಾಯನಶಾಸ್ತ್ರಕ್ಕೆ ಮುನ್ನವೇ ಬಚ್ಚಲಿಗೆ ತಿಳಿದಿತ್ತು.

ಇಷ್ಟೆಲ್ಲ ಸಿದ್ಧತೆ ಯಾವುದಕ್ಕೆಂಬುದು ಸ್ವಾತಿ ಮಳೆ ಹಿಂದೆಗೆದ ಮೇಲೆ ತಿಳಿಯುತ್ತದೆ. ಕಾರ್ತಿಕದ ಕೊನೆಯಿಂದ ಮಾರ್ಗಶಿರದವರೆಗೆ ಒಣಭೂಮಿಯ ರಾಗಿ ಕೊಯ್ಲಿಗೆ ಬರುತ್ತದೆ. ಹುಲ್ಲಹಳ್ಳಿ ಅಣೆಕಟ್ಟೆಯ ಹಳೆಯ ನಾಲೆ ಮತ್ತು 1974ರಲ್ಲಿ ಮುಗಿದ ಕಬಿನಿ ಜಲಾಶಯದ ನಾಲೆಗಳ ಕೆಳಗಿನ ಗದ್ದೆಗಳಲ್ಲಿ ಭತ್ತ ಅದನ್ನು ಹಿಂಬಾಲಿಸುತ್ತದೆ. ಕೊಯ್ದ ತೆನೆಯನ್ನು ಕೂಡಲೇ ಒಕ್ಕದೆ, ಹುಲ್ಲು ಸಮೇತ ಮೆದೆ ಒಟ್ಟಿ ಕೆಲವು ವಾರ ಬಿಡುವುದು ಹಳೆಯ ಕ್ರಮವಾಗಿತ್ತು. ನೀರು ಜಾರುವಂತೆ, ತೆನೆಗಳು ಒಳಮುಖವಾಗಿರುವಂತೆ ಕಟ್ಟಿದ ಮೆದೆಯೊಳಗೆ ಕಾಳು ನಿಧಾನವಾಗಿ ಹದಗೊಂಡು ಒಣಗುತ್ತಿತ್ತು, ಮತ್ತು ಮನೆಯವರಿಗೆ ಕಣ ಸಿದ್ಧಪಡಿಸಲು ಬಿಡುವು ದೊರೆಯುತ್ತಿತ್ತು. ಕಣವೆಂದರೆ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಬಡಿದು ಸಮಮಾಡಿ, ಸಗಣಿಯಿಂದ ಮತ್ತೆಮತ್ತೆ ಸಾರಿಸಿದ ಜಾಗ. ಅದರ ನಡುವೆ ಮೇಟಿ ಎಂಬ ಕಂಬ ನಿಲ್ಲಿಸಿ, ಸುತ್ತಲೂ ದನ ತಿರುಗಿಸಿ ಅಥವಾ ಗುಂಡುಕಲ್ಲು ಎಳೆಸಿ ಒಕ್ಕಣೆ ಮಾಡಿ, ಗಾಳಿ ಬಂದಾಗ ತೂರಿ, ರಾಶಿ ಪೂಜೆ ಮಾಡಿ ಅಳೆಯುತ್ತಿದ್ದರು. ಬಿತ್ತನೆಗೆಂದು ಆರಿಸಿದ ತೆನೆಗಳು ಮಾತ್ರ ಒಕ್ಕಣೆಗೆ ಹೋಗದೆ ಒಲೆಯ ಮೇಲಿನ ಜಂತೆಗೆ ಹೋಗುತ್ತಿದ್ದವು, ಹೊಗೆಯೇ ಅವುಗಳ ಕಾವಲು.

ರಾಗಿಯ ಕಾಳು ತೀರ ಚಿಕ್ಕದು ಮತ್ತು ಅದರ ಸಿಪ್ಪೆ ಗಟ್ಟಿಯಾದ್ದರಿಂದ ಸಾಮಾನ್ಯ ಹುಳುಗಳು ಅದನ್ನು ಸುಲಭವಾಗಿ ಕೊರೆಯಲಾರವು. ಈ ಗುಣವೇ ಹಗೇವು ಎಂಬ ನೆಲದಡಿಯ ಕಣಜವನ್ನು ಸಾಧ್ಯವಾಗಿಸಿತು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡಿದ ಗುಂಡಿಗೆ ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ ದವಸ ವರ್ಷಗಟ್ಟಲೆ ಉಳಿಯುತ್ತಿತ್ತು, ಬರಗಾಲದಲ್ಲಿ ಜೀವ ಉಳಿಸುತ್ತಿತ್ತು. ಕಾಳೂ ಜೀವಂತ ವಸ್ತುವಾದ್ದರಿಂದ ಅದು ಉಸಿರಾಡುತ್ತಾ ಗುಂಡಿಯ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ. ಹುಳು ಬದುಕದಿರಲು ಅದೇ ಕಾರಣ, ಹಗೇವು ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸಾಯುತ್ತಿದ್ದುದಕ್ಕೂ ಅದೇ ಕಾರಣ. ಆದ್ದರಿಂದ ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಿಸಿ, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ಎಚ್ಚರವನ್ನು ಹಿರಿಯರು ಕಲಿಸಿದ್ದರು. ದಿನಬಳಕೆಯ ದವಸಕ್ಕೆ ಮನೆಯೊಳಗೆ ಮಣ್ಣಿನ ವಾಡೆ, ಗುಡಾಣ, ಮರದ ಕಣಜಗಳಿದ್ದವು. ಭತ್ತದ ಹೊಟ್ಟು ಕೂಡ ವ್ಯರ್ಥವಾಗುತ್ತಿರಲಿಲ್ಲ. ಹೊಟ್ಟನ್ನು ಸುಟ್ಟ ಕರಿಯಿಂದ ಹಲ್ಲುಜ್ಜುವ ಮನೆವಾಡಿಕೆಯೇ, ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಾಗಿ ನಾಡಿನ ತುಂಬ ಹೆಸರಾಯಿತು.

ರಾಗಿಯ ನಡುವೆ ಅಕ್ಕಡಿ ಸಾಲಾಗಿ, ಅಂದರೆ ನಿಗದಿತ ಅಂತರದ ಮಿಶ್ರ ಸಾಲುಗಳಾಗಿ, ಬಿತ್ತಿದ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳು ರಾಗಿ ಹೋದ ಮೇಲೆಯೂ ಹೊಲದಲ್ಲಿ ಉಳಿಯುವುದುಂಟು. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂಬಿಡುವ ಗುಣದ ಗಿಡವಾದ್ದರಿಂದ ಯಾವಾಗ ಬಿತ್ತಿದರೂ ಅದರ ಸೊಗಡಿನ ಕಾಯಿಗೆ ಇಬ್ಬನಿಯ ಕಾಲದವರೆಗೆ ಕಾಯಬೇಕು.

ಇಂದು ಈ ಚಿತ್ರ ಬಹಳ ಬದಲಾಗಿದೆ. ಹಗೇವುಗಳು ಮುಚ್ಚಿಹೋಗಿವೆ, ತಾರಸಿ ಮನೆಗಳಲ್ಲಿ ಅಟ್ಟವಿಲ್ಲ, ಪಡಿತರದ ಅಕ್ಕಿ ತಿಂಗಳು ತಿಂಗಳು ಬರುತ್ತದೆ, ಮತ್ತು ನಂಜನಗೂಡಿನ ಕೈಗಾರಿಕಾ ಪ್ರದೇಶದ ಪಾಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಮೊರ ಹಿಡಿದು ಕೂರಲು ಹಗಲಿಲ್ಲ. ಇವುಗಳಲ್ಲಿ ಹಲವು ಬದಲಾವಣೆಗಳು ಸ್ವಾಗತಾರ್ಹ. ಒನಕೆಯ ಕಾಲ ಮರಳಲೆಂದು ಅದನ್ನು ಹಿಡಿದವರಾರೂ ಬಯಸಲಾರರು. ಆದರೆ ಒಂದು ಬದಲಾವಣೆಯ ಪರಿಣಾಮವನ್ನು ಯಾರೂ ಸರಿಯಾಗಿ ಗಮನಿಸಿದಂತಿಲ್ಲ. ಕಟಾವು ಯಂತ್ರ ನಿಂತ ಪೈರಿನಿಂದಲೇ ಕಾಳನ್ನು ಬೇರ್ಪಡಿಸುವುದರಿಂದ ಮೆದೆಯ ವಾರಗಳು ಇಲ್ಲವಾಗಿ, ಹಸಿಯಾರದ ಭತ್ತ ಮತ್ತು ರಾಗಿ ಒಂದೇ ದಿನದಲ್ಲಿ ಮನೆಯ ಮುಂದೆ ಬಂದು ಬೀಳುತ್ತವೆ. ಕಣಗಳೂ ಇಲ್ಲದಿರುವುದರಿಂದ ಡಾಂಬರು ರಸ್ತೆಯೇ ಕಣವಾಗಿ, ವಾಹನಗಳ ನಡುವೆ ಕಾಳು ಹರವುವ, ಕಾಲಿನಿಂದ ಸಾಲು ತಿರುವುವ, ರಾತ್ರಿ ಟಾರ್ಪಾಲು ಮುಚ್ಚಿ ಕಾಯುವ ಕೆಲಸ ಹೆಂಗಸರ ಪಾಲಿಗೆ ಉಳಿದಿದೆ. ಕೊಯ್ಲಿನ ದುಡಿಮೆಯನ್ನು ಯಂತ್ರ ಕಡಿಮೆ ಮಾಡಿತಾದರೂ ಒಣಗಿಸುವ ದುಡಿಮೆಯನ್ನು ಅದು ಕೆಲವೇ ದಿನಗಳೊಳಗೆ ಒತ್ತಿ ತುಂಬಿದೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಭಾರತದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಪುರುಷರು 97 ನಿಮಿಷಗಳನ್ನೂ ಕೊಡುತ್ತಿದ್ದರು. ಸಾರು ಕುದಿಯಲು ಬಿಟ್ಟು ಹೊರಬಂದು ಭತ್ತ ತಿರುವಿ, ಮೋಡ ನೋಡಿ, ಮತ್ತೆ ಒಳಗೆ ಹೋಗುವ ಗೃಹಿಣಿಯ ಆ ನಿಮಿಷಗಳಲ್ಲಿ ಮನೆಗೆಲಸ ಎಷ್ಟು, ಬೇಸಾಯ ಎಷ್ಟು ಎಂದು ವಿಂಗಡಿಸುವುದು ಯಾವ ಸಮೀಕ್ಷೆಗೂ ಕಷ್ಟವೇ. ಈ ಭಾರವನ್ನು ಇಳಿಸಲು ಬೇಕಾದವು ದೊಡ್ಡ ಸಾಧನಗಳಲ್ಲ. ಉದ್ಯೋಗ ಖಾತರಿಯ ಹಣದಲ್ಲಿ ಕರ್ನಾಟಕದ ಹಲವೆಡೆ ಒಕ್ಕಣೆ ಕಣಗಳನ್ನು ಕಟ್ಟಿಸಿದ ಉದಾಹರಣೆಗಳಿವೆ; ಅಂಥ ಕಣ ಊರಿನ ಹತ್ತಿರವೇ, ನೀರು ಮತ್ತು ನೆರಳಿನ ಅನುಕೂಲದೊಡನೆ ಇದ್ದು, ಕಾಳಿನ ತೇವ ಅಳೆಯುವ ಒಂದು ಸಣ್ಣ ಯಂತ್ರ ಮತ್ತು ಗಾಳಿಯಾಡದ ಚೀಲಗಳು ಹಾಲಿನ ಡೇರಿಯಲ್ಲಿಯೋ ಮಹಿಳಾ ಸ್ವಸಹಾಯ ಸಂಘದ ಕೈಯಲ್ಲಿಯೋ ದೊರೆಯುವಂತಾದರೆ, ಚಿತ್ತೆ ಮಳೆಗೆ ಸಿಕ್ಕ ಅಲಸಂದೆಯೂ ಕಟಾವು ಯಂತ್ರದಿಂದ ಬಂದ ಹಸಿ ಭತ್ತವೂ ರಸ್ತೆಗೆ ಬೀಳಬೇಕಾಗಿಲ್ಲ. ಕಣವನ್ನು ಎಲ್ಲಿ, ಯಾವ ದಿಕ್ಕಿಗೆ ಕಟ್ಟಬೇಕೆಂದು ಗ್ರಾಮಸಭೆಯಲ್ಲಿ ನಿರ್ಧರಿಸುವಾಗ ಮೊದಲು ಕೇಳಬೇಕಾದದ್ದು ಅಲ್ಲಿ ಕಾಳು ಒಣಗಿಸುವವರನ್ನು; ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿದೆ.